ಹೊಳೆಪ್ಪನ ಸಹಿ

ಮೊದಲೇ ಹೇಳಿಬಿಡುತ್ತೇನೆ, ಇದು ಹೊಗಳಿಕೆಯ ಬರಹವಲ್ಲ. ಹೊಳೆಪ್ಪನನ್ನು ಹೊಗಳುವ ಯೋಗ್ಯತೆ ನನಗಿಲ್ಲ, ಉಳಿದವರನ್ನು ಹೊಗಳುವ ಮನಸ್ಸಿಲ್ಲ. ಊರಿನ ಹೆಸರನ್ನೂ ಬರೆಯುವುದಿಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಎಲ್ಲಿಂದ ಎಲ್ಲಿಗೆ ಹೋದರೂ ಒಂದು ಬಸ್ ಸ್ಟ್ಯಾಂಡು, ಅದರೆದುರು ಒಂದು ಹೊಸ ಕಾಂಪ್ಲೆಕ್ಸು, ಅದರ ಮುಂದೆ ಹಿಂದೊಮ್ಮೆ ಗಿಡವಿದ್ದ ಜಾಗದಲ್ಲಿ ಬಿಸಿಲಿಗೆ ಕಾಯುತ್ತ ನಿಂತ ಬೈಕುಗಳು ಕಂಡೇ ಕಾಣುತ್ತವೆ. ಅಂಥ ಒಂದು ಊರು ಎಂದುಕೊಂಡರೆ ಸಾಕು. ನಾನು ಗೋಪಾಲ. ಆ ಊರಿನ ಆಡಳಿತದ ಆಫೀಸಿನಲ್ಲಿ ಮೂವತ್ತೊಂದು ವರ್ಷ ಗುಮಾಸ್ತಿಕೆ ಮಾಡಿ ಹೋದ ವರ್ಷ ನಿವೃತ್ತನಾದವನು.

ಹೊಳೆಪ್ಪ ಗಲಗಲಿಯವನು. ಹೊಳೆದಂಡೆಯ ಮೇಲೆ ಹುಟ್ಟಿದ್ದಕ್ಕೆ ಆ ಹೆಸರು. ಕಸುಬು ಗಿಡ ಹತ್ತುವುದು. ನಮ್ಮ ಕಡೆ ಎಷ್ಟು ದೊಡ್ಡ ಮರವಾದರೂ ಅದು ಗಿಡವೇ. ಮಾಳಿಗೆಯ ಮೇಲೆ ಬಾಗಿದ ಟೊಂಗೆ, ಕರೆಂಟಿನ ತಂತಿಗೆ ತಾಗುವ ಟೊಂಗೆ, ಬನಹಟ್ಟಿಯ ಮಗ್ಗದ ಶೆಡ್ಡುಗಳ ತಗಡಿನ ಪತ್ರಾಸಿಗೆ ಗಾಳಿ ಬಂದಾಗಲೆಲ್ಲ ಬಡಿಯುವ ಟೊಂಗೆ, ಇಂಥವನ್ನೆಲ್ಲ ಹಗ್ಗ ಕಟ್ಟಿ ಕಡಿದು, ಕೆಳಗಿನ ಒಂದು ಹಂಚೂ ಒಡೆಯದಂತೆ ಇಳಿಸಿಕೊಡುತ್ತಿದ್ದ. ಲೋಕಾಪುರದಿಂದ ಚಿಮ್ಮಡದವರೆಗೆ ಜನ ಅವನನ್ನು ಗಿಡಾ ಕಡಿಯೊ ಹೊಳೆಪ್ಪ ಎನ್ನುತ್ತಿದ್ದರು. ಆ ಮಾತು ಅವನಿಗೆ ಸೇರುತ್ತಿರಲಿಲ್ಲ.

“ಕಡಿಯಾಕ ಯಾವನಾದ್ರೂ ಕಡೀತಾನ್ರಿ ರಾಯರ. ನಾ ಗಿಡಾ ನೋಡಾಂವ,” ಎಂದು ನನ್ನೆದುರು ಎಷ್ಟೋ ಸಲ ಅಂದಿದ್ದಾನೆ.

ಹರೆಯದಲ್ಲಿ ಅವನೂ ಕಡಿದವನೇ. ಅಣೆಕಟ್ಟಿನ ಹಿನ್ನೀರು ಬರುವ ಮೊದಲು ಹೊಳೆದಂಡೆಯ ಹೊಲಗಳ ಗಿಡಗಳನ್ನೆಲ್ಲ ಎಣಿಸಿ ಬರೆದುಕೊಂಡು ಕಡಿಸಿದರಲ್ಲ, ಆಗ ಒಂದು ಬೇಸಿಗೆ ಪೂರ್ತಿ ಅವನ ಕೈಯಲ್ಲಿ ಕೊಡಲಿ. ಅವನಜ್ಜ ನೆಟ್ಟ ಮಾವನ್ನೂ ಅವನೇ ಉರುಳಿಸಿದ. ಆ ಬೇಸಿಗೆ ಮುಗಿದ ಮೇಲೆ ಜೀವವಿರುವ ಗಿಡದ ಬುಡಕ್ಕೆ ಕೊಡಲಿ ಹಾಕಲಿಲ್ಲ. ಟೊಂಗೆ ತೆಗೆಯುವುದು, ಗಿಡ ಉಳಿಸುವುದು, ನಿಜವಾಗಿ ಸತ್ತದ್ದನ್ನು ಮಾತ್ರ ಇಳಿಸುವುದು, ಇಷ್ಟೇ.

ಅವನ ಕೆಲಸದ ರೀತಿ ನೋಡಿ ನಾವು ಆಫೀಸಿನವರು ನಗುತ್ತಿದ್ದೆವು. ಹಿಂದಿನ ದಿನವೇ ಬಂದು ಬುಡಕ್ಕೆ ಒಂದು ತಂಬಿಗೆ ನೀರು ಹಾಕಿ, ಅರಿಸಿನ ಕುಂಕುಮ ಹಚ್ಚಿ, “ನಾಳೆ ಬರ್ತೇನವಾ, ಎಡಗಡಿ ಟೊಂಗಿ ತಗೀತೇನಿ, ಸಿಟ್ಟ ಆಗಬ್ಯಾಡ,” ಎಂದು ಗಟ್ಟಿಯಾಗಿ ಹೇಳಿ ಹೋಗುವನು. ಮರುದಿನ ಕಟ್ಟಿಗೆಯ ಕೊಡತಿಯಿಂದ ಬೊಡ್ಡೆಯನ್ನು ಸುತ್ತಲೂ ಬಡಿದು ಕಿವಿ ಹಚ್ಚಿ ಕೇಳುವನು. ಟೊಂಗೆ ಹುಟ್ಟುವಲ್ಲಿ ತೊಗಟೆ ಉಬ್ಬಿ ಸುತ್ತಿಕೊಂಡಿರುತ್ತದೆ. ಅದಕ್ಕೆ ಅವನು ಗಿಡದ ಬಳೆ ಎನ್ನುತ್ತಿದ್ದ. ಬಳೆ ಬಿಟ್ಟು ಒಂದು ಬೆರಳು ಆಚೆಗೆ ಕಡಿಯಬೇಕು, ಮೊದಲು ಕೆಳಗಿನಿಂದ ಒಂದಿಷ್ಟು, ಆಮೇಲೆ ಮೇಲಿನಿಂದ. ಹಾಗಾದರೆ ತೊಗಟೆ ಸೀಳುವುದಿಲ್ಲ, ಗಾಯ ತಾನೇ ಮುಚ್ಚಿಕೊಳ್ಳುತ್ತದೆ. ಯಾವನೋ ಗುತ್ತಿಗೆಯವನು ಮಚ್ಚು ಬೀಸಿ ಬಿಟ್ಟುಹೋದ ಗಿಡ ಕಂಡರೆ “ಬಳಿ ಒಡದ ಹೋಗ್ಯಾರ ನೋಡ್ರಿ” ಎಂದು ರಸ್ತೆಯ ಮೇಲೆಯೇ ಉಗುಳುತ್ತಿದ್ದ.

ಚಿಮ್ಮಡದ ಲಕ್ಷ್ಮವ್ವ ಎಂಬ ಮುದುಕಿಯ ದನದ ಕೊಟ್ಟಿಗೆಯ ಮೇಲೆ ಒಂದು ಹುಣಸೆ ಬಾಗಿತ್ತು. ಬೀಳುತ್ತದೆ, ಕಡಿಸು ಎಂದು ಊರೆಲ್ಲ ಹೇಳಿತು. ಹೊಳೆಪ್ಪ ಬಡಿದು ನೋಡಿ, ಒಂದು ಟೊಂಗೆ ಹಗುರ ಮಾಡಿ, “ಎಮ್ಮಿ ಕಟ್ಟಬೇ ಯವ್ವಾ, ಏನೂ ಆಗೂದಿಲ್ಲ,” ಎಂದ. ಆ ವರ್ಷದ ಗಾಳಿಮಳೆ ಸಾಲೆಯ ಪತ್ರಾಸನ್ನೇ ಹಾರಿಸಿಕೊಂಡು ಹೋಯಿತು. ಹುಣಸೆಯಿಂದ ಉದುರಿದ್ದು ಕಾಯಿ ಮಾತ್ರ. ಅಲ್ಲಿಂದ ಮುಂದೆ ಹೊಳೆಪ್ಪ ಬೀಳುತ್ತದೆ ಎಂದರೆ ಬೀಳುತ್ತದೆ, ಇಲ್ಲ ಎಂದರೆ ಇಲ್ಲ. ಹೊಲ ನೀರಿಗೆ ಹೋಗಿತ್ತು, ಓದು ಬರಹ ಇರಲಿಲ್ಲ. ಗಿಡದ ಬಗ್ಗೆ ತಾನಾಡಿದ ಮಾತನ್ನು ಜನ ನಂಬುತ್ತಾರೆ ಎಂಬುದೊಂದೇ ಅವನ ಆಸ್ತಿ. ಅದಕ್ಕೇ ನಾವು ಕೈ ಹಾಕಿದೆವು.

ಆಫೀಸಿಗೆ ಅವನು ಬರುತ್ತಿದ್ದದ್ದು ಪಂಚನಾಮೆಗೆ. ಗಾಳಿಗೆ ಬಿದ್ದ ಗಿಡದ ಸ್ಥಿತಿಯನ್ನು ನಾನು ಬರೆಯುವುದು, ಅವನು ಪಂಚನಾಗಿ ಹೆಬ್ಬೆಟ್ಟು ಒತ್ತುವುದು. ಹೆಬ್ಬೆಟ್ಟಿನವರಿಗೆ ಬರೆದದ್ದನ್ನು ಓದಿ ಹೇಳಬೇಕು, ಓದಿ ಹೇಳಿ ಕೇಳಿಸಿದೆ ಎಂದು ಬರೆದವನು ಕೆಳಗೆ ತನ್ನ ಸಹಿ ಮಾಡಬೇಕು. ಅದು ಹಳೆಯ ಕ್ರಮ. ಬಸ್ ಸ್ಟ್ಯಾಂಡಿನ ಎದುರು ಒಂದು ದೊಡ್ಡ ಬೇವು, ಅದರ ಸುತ್ತ ಕಟ್ಟೆ. ಅಲ್ಲಿ ಕೂತು ನಾನು ಓದುತ್ತಿದ್ದೆ. ಅವನು ಕಣ್ಣು ಮುಚ್ಚಿ ಕೇಳಿ, “ಪೂರಾ ಒಣಗಿತ್ತು ಅಂತ ಬರದೀರಿ, ಅಲ್ರಿ, ಅರ್ಧಾ ಹಸಿ ಇತ್ತು,” ಎಂದು ತಿದ್ದಿಸುತ್ತಿದ್ದ. ನಾನು ಗೊಣಗುತ್ತ ತಿದ್ದುತ್ತಿದ್ದೆ. ಆಮೇಲೆಯೇ ಅವನ ಹೆಬ್ಬೆರಳು ಮಸಿಗೆ ಇಳಿಯುತ್ತಿತ್ತು.

ಐದಾರು ವರ್ಷದ ಹಿಂದೆ ನಮ್ಮ ಆಫೀಸಿಗೆ ಮೇಲಿನಿಂದ ಒಂದು ಸುತ್ತೋಲೆ ಬಂತು. ಇನ್ನು ಮುಂದೆ ಗಿಡ ತೆಗೆಸಬೇಕಾದರೆ ಅದು ಅಪಾಯಕಾರಿ ಎಂದು ಪರಿಣತನೊಬ್ಬನ ವರದಿ ಬೇಕು; ಕಟ್ಟಡದ ನಕಾಶೆಯಲ್ಲಿ ಆ ಜಾಗದ ಗಿಡಗಳನ್ನು ತೋರಿಸಲೇಬೇಕು. ಪರಿಣತನನ್ನು ಎಲ್ಲಿಂದ ತರುವುದು? ನಮ್ಮ ಇಂಜಿನಿಯರ್ ಗೌರೀಶ ಕುರ್ಚಿಯಿಂದ ಏಳದೆಯೇ ದಾರಿ ಹುಡುಕಿದ. “ಹೊಳೆಪ್ಪ ಅದಾನಲ್ರಿ ರಾಯರ. ಅವಂಗೊಂದ ಕಾರ್ಡ್ ಮಾಡಿಸಿ ಕೊರಳಾಗ ಹಾಕ್ರಿ, ಮುಗೀತು.”

ಕಾರ್ಡು ಬಂತು. ಫೋಟೋ, ಫೋಟೋದ ಕೆಳಗೆ ‘ಹೊಳೆಪ್ಪ, ವೃಕ್ಷ ಪರಿಣತ’. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನನ್ನಿಂದ ಮೂರು ಸಲ ಓದಿಸಿದ. ಅವನ ಹೆಂಡತಿ ಮಾದೇವಿ ಅದನ್ನು ದೇವರ ಜಗಲಿಯ ಮೇಲಿಟ್ಟು ಊದುಬತ್ತಿ ಬೆಳಗಿದಳಂತೆ. ಮದುವೆಮನೆಗಳಿಗೂ ಅದನ್ನು ಹಾಕಿಕೊಂಡೇ ಹೋಗುತ್ತಿದ್ದ. ಕಾರ್ಡು ಕೊಟ್ಟವರಿಗೆ ಅದೊಂದು ಚೂರು ಪ್ಲಾಸ್ಟಿಕ್ಕು. ಅವನಿಗೆ, ತಾನು ಯಾರು ಎಂದು ಇಷ್ಟು ವರ್ಷ ಹೇಳುತ್ತ ಬಂದದ್ದನ್ನು ಸರಕಾರ ಕೊನೆಗೂ ಒಪ್ಪಿಕೊಂಡಂತೆ. ಈಗ ನೆನೆದರೆ ನನಗೆ ನಾಚಿಕೆಯಾಗುತ್ತದೆ, ಆಗ ನಗು ಬಂದಿತ್ತು.

ಒಂದು ವಾರ ಬಿಟ್ಟು ಬಂದ. “ಪರಿಣತ ಅಂತ ಬರಕೊಂಡ ಹೆಬ್ಬೆಟ್ಟ ಒತ್ತಿದ್ರ ಚಂದ ಕಾಣೂದಿಲ್ರಿ. ಸಹಿ ಕಲಿಸ್ರಿ.”

ಅದೇ ಬೇವಿನ ಕಟ್ಟೆಯ ಮೇಲೆ ಹದಿನೈದು ದಿನ ಕಲಿಸಿದೆ. ಮೂವತ್ತಡಿ ಎತ್ತರದಲ್ಲಿ ಒಂದು ಕಾಲಿನ ಮೇಲೆ ನಿಂತು ಗರಗಸ ಎಳೆಯುವ ಆಳು, ಪೆನ್ನು ಹಿಡಿದಾಗ ಬೆವರುತ್ತಿದ್ದ. ಕಡೆಗೆ ಬಂತು. ಸಹಿ ಮಾಡುವುದೆಂದರೆ ಅವನಿಗೆ ಹೊಸ ಅಂಗಿ ತೊಟ್ಟಷ್ಟು ಖುಷಿ. ಆ ಖುಷಿ ನೋಡಿಯೇ ನನಗೆ ಆ ಹಾಳು ಬುದ್ಧಿ ಹೊಳೆದದ್ದು. “ಪ್ರತಿ ಸಲ ಗಲಗಲಿಯಿಂದ ಬಸ್ಸು ಹಿಡದು ಯಾಕ ಬರ್ತೀ? ಹತ್ತು ಹಾಳಿಗೆ ಸಹಿ ಮಾಡಿ ಇಟ್ಟು ಹೋಗು. ನೀ ಫೋನಿನಾಗ ಹೇಳು, ನಾ ಬರಕೋತೀನಿ,” ಎಂದೆ. ಹೆಬ್ಬೆಟ್ಟಿನ ಕಾಲದಲ್ಲಿ ಅವನು ಖಾಲಿ ಹಾಳೆಯ ಮೇಲೆ ಎಂದೂ ಒತ್ತಿದವನಲ್ಲ. ಸಹಿ ಬಂದ ಮಂದಿ ಹೀಗೇ ಮಾಡುತ್ತಾರೆ ಎಂದುಕೊಂಡ. ಹತ್ತು ಹಾಳೆಗೂ ಒಂದೊಂದಾಗಿ, ನಾಲಿಗೆ ಕಚ್ಚಿ, ಸಹಿ ಮಾಡಿದ. ನಾನು ಅವುಗಳನ್ನು ನನ್ನ ಮೇಜಿನ ಖಾನೆಯಲ್ಲಿಟ್ಟು ಕೀಲಿ ಹಾಕಿದೆ.

ಮೊದಮೊದಲು ಅವನು ಹೇಳಿದ್ದನ್ನೇ ಬರೆದೆ. ಆದರೆ ಅವನು ಹೇಳುತ್ತಿದ್ದದ್ದು ಯಾರಿಗೂ ಬೇಡವಾಗಿತ್ತು. ಹತ್ತು ಗಿಡ ತೋರಿಸಿದರೆ ಒಂಬತ್ತಕ್ಕೆ ಇರಲಿ ಎನ್ನುವನು. ಒಂದು ಟೊಂಗೆ ಹಗುರ ಮಾಡಿದರೆ ಸಾಕು ಎನ್ನುವನು. “ಕಾರ್ಡ್ ಕೊಟ್ಟಿದ್ದು ಗಿಡಾ ಉಳಸಾಕಲ್ಲ ಅಂತ ತಿಳಿಸಿ ಹೇಳ್ರಿ ಅವಂಗ,” ಎಂದು ಗೌರೀಶ ನನ್ನ ಮೇಲೆ ಹಾರಾಡಿದ. ಇದೇ ಗೌರೀಶ ಪ್ರತಿ ಜೂನಿನಲ್ಲಿ ಆಫೀಸಿನ ಮುಂದೆ ಸಸಿ ನೆಟ್ಟು ಫೋಟೋ ತೆಗೆಸಿಕೊಳ್ಳುತ್ತಿದ್ದ. ಹೋದ ವರ್ಷದ ಸಸಿ ಒಣಗಿರುತ್ತಿತ್ತು, ಹಾಗಾಗಿ ಗುಂಡಿ ಅದೇ, ಸಸಿ ಹೊಸದು, ಹಲ್ಲುಕಿರಿತ ಹಳೆಯದು. ಆ ಫೋಟೋಗಳಲ್ಲಿ ನೀರಿನ ಬಕೆಟ್ಟು ಹಿಡಿದು ನಿಂತವನು ನಾನೇ.

ಆಮೇಲೆ ಗಿರಮಲ್ಲಪ್ಪನ ಕಾಂಪ್ಲೆಕ್ಸು ಬಂತು. ಗಿರಮಲ್ಲಪ್ಪ ಬಟ್ಟೆ ವ್ಯಾಪಾರಿ, ಆಫೀಸಿನ ಎಲ್ಲ ಮೇಜುಗಳಿಗೂ ಬೇಕಾದವನು. ಬಸ್ ಸ್ಟ್ಯಾಂಡಿನ ಎದುರು ಮೂರಂತಸ್ತು ಎಬ್ಬಿಸಿದ. ನೆಲಮಾಳಿಗೆಗೆ ಗಾಡಿ ಇಳಿಯುವ ಇಳಿಜಾರು ನೇರ ಬೇವಿನ ಕಟ್ಟೆಗೇ ಬಂದು ನಿಂತಿತು. ನಕಾಶೆ ತೆಗೆದು ನೋಡಿದರೆ ಅದರಲ್ಲಿ ಬೇವೇ ಇರಲಿಲ್ಲ! ಇಬ್ಬರು ಕೈ ಚಾಚಿದರೂ ತಬ್ಬಲಾಗದ ಬೊಡ್ಡೆ, ಕೆಳಗೆ ಕಡಲೆಕಾಯಿ ಮಾರುವವಳು, ಚಪ್ಪಲಿ ಹೊಲಿಯುವವನು, ಬಸ್ಸಿಗೆ ಕಾಯುವ ಅರ್ಧ ಊರು. ಇದೆಲ್ಲ ಇದ್ದ ಜಾಗದಲ್ಲಿ ನಕಾಶೆಯ ಮೇಲೆ ಬಿಳಿ ಕಾಗದ. ಆ ನಕಾಶೆಗೆ ಮಂಜೂರಿ ಕೊಟ್ಟವನು ಗೌರೀಶ. ಸ್ಥಳ ಪರಿಶೀಲಿಸಿದೆ ಎಂಬ ಠಸೆ ಹೊಡೆದವನು ನಾನು. ನನ್ನ ಕಿಟಕಿಯಿಂದ ಆ ಗಿಡ ಕಾಣುತ್ತಿತ್ತು.

ಹೊಳೆಪ್ಪನನ್ನು ಕರೆಸಿದರು. ಅವನು ಕೊಡತಿ ತಂದು ಸುತ್ತಲೂ ಬಡಿದ, ಕಿವಿ ಹಚ್ಚಿದ. “ಹೊಟ್ಟಿ ಗಟ್ಟಿ ಐತ್ರಿ. ನಮ್ಮ ಮಕ್ಕಳ ಕಾಲಕ್ಕೂ ನಿಂದ್ರತೈತಿ.”

“ಅದನ್ನ ಕೇಳಿಲ್ಲೋ. ಪೊಳ್ಳ ಐತಿ ಅಂತ ಹೇಳಿಬಿಡು,” ಎಂದ ಗೌರೀಶ.

“ಅದು ಪೊಳ್ಳಿಲ್ರಿ ಸಾಹೇಬ್ರ.” ಕೊರಳಿನ ಕಾರ್ಡನ್ನು ಎತ್ತಿ ತೋರಿಸಿದ. “ನೀವ ಬರಿಸೀರಲ್ರಿ ಇದರ ಮ್ಯಾಲ, ಪರಿಣತ ಅಂತ.”

ಗಿರಮಲ್ಲಪ್ಪ ನಕ್ಕ.

ಮರುತಿಂಗಳು ಯುಗಾದಿ. ಊರಿನ ಬೇವೆಲ್ಲ ಚಿಗುರಿ ಹೂ ಹಿಡಿದಾಗ ಇದೊಂದು ಮಾತ್ರ ಎಲೆ ಉದುರಿಸಿ ಬೋಳಾಗುತ್ತ ಹೋಯಿತು. ಹೊಳೆಪ್ಪ ಬಂದು ಬುಡದ ಮಣ್ಣು ಕೆದರಿ ನೋಡಿದ. ಬೊಡ್ಡೆಯಲ್ಲಿ ಬೆರಳು ಹೋಗುವಷ್ಟು ಏಳು ತೂತು, ಮೇಲೆ ಸಿಮೆಂಟಿನ ಮುಚ್ಚಳ. ಒಂದನ್ನು ಉಳಿಯಿಂದ ಎಬ್ಬಿಸಿದಾಗ ಹಿಂಗಿನ ವಾಸನೆ ಗುಪ್ಪೆಂದು ಬಂತು. ಗಿಡ ಒಣಗಿಸಲು ನಮ್ಮ ಜನ ಬೊಡ್ಡೆ ಕೊರೆದು ಹಿಂಗು ತುಂಬುತ್ತಾರೆ. ಹಿಂಗಿನ ಮೇಲೆ ನಂಬಿಕೆ ಸಾಲದೆ ಆಸಿಡ್ಡನ್ನೂ ಸುರಿದಿದ್ದರು. ಕಟ್ಟೆಯ ಮೇಲೆ ಹಗಲೆಲ್ಲ ಕೂತೇಳುವ ಊರು ಇದನ್ನು ನೋಡಿರಲಿಲ್ಲವಂತೆ. ಯಾರನ್ನು ಕೇಳಿದರೂ “ನಮಗೇನ ಗೊತ್ತರಿ” ಎಂದು ಬಸ್ಸಿನ ಕಡೆ ಮುಖ ತಿರುಗಿಸಿದರು. ಅದೇ ಬೇವಿನ ಹೂವನ್ನು ವರ್ಷವೂ ಬೇವು-ಬೆಲ್ಲಕ್ಕೆ ಒಯ್ಯುತ್ತಿದ್ದ ಮಂದಿ ಇವರು. ಥೂ ಎನ್ನಬೇಕೆನಿಸುತ್ತದೆ, ಆದರೆ ನಾನು ಎನ್ನುವ ಹಾಗಿಲ್ಲ.

“ಮಿರಗದ ಮಳಿ ತನಕ, ಜೂನ್ ತನಕ ಬಿಡ್ರಿ. ಉಳಿಸಿಕೊಡ್ತೇನಿ,” ಎಂದು ಹೊಳೆಪ್ಪ ಆಫೀಸಿಗೆ ಬಂದು ಕೈ ಮುಗಿದ. ಗೌರೀಶ ಹೂಂ ಎಂದೂ ಅನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ. ಹೊಳೆಪ್ಪ ಅದನ್ನೇ ಒಪ್ಪಿಗೆ ಎಂದು ತಿಳಿದ. ಎರಡು ತಿಂಗಳು, ಎರಡು ದಿನಕ್ಕೊಮ್ಮೆ, ಯಾರೂ ಕರೆಯದೆ ಗಲಗಲಿಯಿಂದ ಬಂದ. ತೂತುಗಳನ್ನು ಕೆತ್ತಿ ತೊಳೆದ. ಸೆಗಣಿ ಕೆಮ್ಮಣ್ಣು ಕಲಸಿ ಮೆತ್ತಿದ. ಸತ್ತ ಟೊಂಗೆಗಳನ್ನು ಬಳೆ ಬಿಟ್ಟು ತೆಗೆದ. ಬಸ್ ಸ್ಟ್ಯಾಂಡಿನ ನಲ್ಲಿಯಿಂದ ಕೊಡ ಹೊತ್ತು ನೀರು ಹಾಕಿದ. ಮೇ ತಿಂಗಳ ಕೊನೆಯ ವಾರ ನನ್ನ ಮೇಜಿಗೆ ಓಡಿಬಂದು, “ಬರ್ರಿ ರಾಯರ, ಬರ್ರಿ,” ಎಂದು ಎಳೆದುಕೊಂಡು ಹೋದ. ಕೆಳಗಿನ ಒಂದು ಟೊಂಗೆಯ ತುದಿಯಲ್ಲಿ ತಾಮ್ರದ ಬಣ್ಣದ ಎರಡು ಚಿಗುರು. ಅವನ ಕಣ್ಣಲ್ಲಿ ನೀರು ಬಂದಿತ್ತು. ನಾನೂ ಬೆನ್ನು ತಟ್ಟಿದೆ. ಆ ಚಿಗುರನ್ನು ನಾನು ನೋಡಿದ್ದೆ ಎಂಬುದನ್ನು ಓದುವವರು ಮರೆಯಬಾರದು.

ಚಿಗುರನ್ನು ಗಿರಮಲ್ಲಪ್ಪನೂ ನೋಡಿದ್ದ. ಮರುದಿನ ಗೌರೀಶ ನನ್ನನ್ನು ಒಳಗೆ ಕರೆದು ಬಾಗಿಲು ಮುಚ್ಚಿದ.

“ಆ ಸಹಿ ಮಾಡಿದ ಹಾಳಿ ಇನ್ನೂ ಅದಾವಲ್ರಿ ರಾಯರ?”

“ನಾಕು ಅವ.”

“ಒಂದ ತಗೀರಿ.” ಅಷ್ಟು ಹೇಳಿ ನನ್ನ ನಿವೃತ್ತಿಯ ಫೈಲನ್ನು ಮೇಜಿನ ಈ ಕಡೆಯಿಂದ ಆ ಕಡೆಗೆ ಸರಿಸಿದ. ಬಾಯಿ ಬಿಟ್ಟು ಬೆದರಿಸಲೂ ಇಲ್ಲ. ನಾನು ಅಷ್ಟು ಅಗ್ಗದವನು ಎಂದು ಅವನಿಗೆ ಗೊತ್ತಿತ್ತು.

ನಾನೇ ಟೈಪ್ ಮಾಡಿದೆ. ಬೊಡ್ಡೆ ಒಳಗಿನಿಂದ ಪೂರ್ತಿ ಪೊಳ್ಳಾಗಿದೆ, ಪ್ರಯಾಣಿಕರ ಜೀವಕ್ಕೆ ಅಪಾಯ, ಕೂಡಲೇ ತೆರವುಗೊಳಿಸುವುದು. ಒಂದು ಅಕ್ಷರದ ತಪ್ಪೂ ಬೀಳಲಿಲ್ಲ. ಕೆಳಗೆ, ನಾಲಿಗೆ ಕಚ್ಚಿ ಮಾಡಿದ ಆ ಸಹಿ ಮೊದಲೇ ಕೂತಿತ್ತು.

ಭಾನುವಾರ ಬೆಳಿಗ್ಗೆ ಜೆಸಿಬಿ ಬಂತು, ಗರಗಸದ ಮಿಷನ್ನು ಬಂತು. ಗಿಡಕ್ಕೆ ಹಿಂದಿನ ದಿನ ಯಾರೂ ಹೇಳಿ ಹೋಗಿರಲಿಲ್ಲ. ಹತ್ತು ಗಂಟೆಯ ಒಳಗೆ ಎಲ್ಲ ಮುಗಿಯಿತು. ಮುಗಿದ ಮೇಲೆ ಊರು ನೆರೆಯಿತು, ಏಕೆಂದರೆ ಬೊಡ್ಡೆಯ ಕೊಯ್ದ ಮುಖ ಎಲ್ಲರೆದುರು ಬಯಲಾಗಿತ್ತು. ಅಂಚಿನಿಂದ ನಡುವಿನವರೆಗೆ ಕೆಂಪಗೆ ಗಟ್ಟಿ. ಆ ಏಳು ತೂತು ಬಿಟ್ಟರೆ ಸೂಜಿ ಹೋಗುವಷ್ಟು ಪೊಳ್ಳಿಲ್ಲ. ವರದಿಯ ಪ್ರತಿಯನ್ನು ಸಾರ್ವಜನಿಕರ ಮಾಹಿತಿಗೆ ಅಂಟಿಸಬೇಕೆಂಬ ನಿಯಮ ಇದ್ದದ್ದರಿಂದ ಅದನ್ನೂ ನಾನೇ ಕಾಂಪ್ಲೆಕ್ಸಿನ ಗೋಡೆಗೆ ಅಂಟಿಸಿದ್ದೆ. ಎಲ್ಲ ನಿಯಮ ಮುರಿದವರು ನಾವು, ಅದೊಂದನ್ನು ಚಾಚೂ ತಪ್ಪದೆ ಪಾಲಿಸಿದೆವು. ಜನ ಬೊಡ್ಡೆ ನೋಡಿದರು, ಗೋಡೆ ನೋಡಿದರು, ಸಹಿ ಓದಿದರು. “ಹೊಳೆಪ್ಪ ರೊಕ್ಕಾ ತಿಂದಾನ ಬಿಡ್ರಿ,” ಎಂದು ಚಹದಂಗಡಿಯಲ್ಲಿ ಒಬ್ಬ ಅಂದ. ಸಂಜೆಯ ಹೊತ್ತಿಗೆ ಬೊಡ್ಡೆ ಮತ್ತು ವರದಿ ಜೊತೆಯಾಗಿ ಎಲ್ಲರ ಮೊಬೈಲಿನಲ್ಲಿದ್ದವು. ಹಿಂಗು ಹಾಕಿದವನ ಬಗ್ಗೆ ಬಾಯಿ ಬಿಡದಿದ್ದ ಊರಿಗೆ ಈಗ ಎಲ್ಲಿಲ್ಲದ ಧೈರ್ಯ ಬಂದಿತ್ತು.

ಸೋಮವಾರ ಹೊಳೆಪ್ಪ ಕೊಡ ಹಿಡಿದುಕೊಂಡು ಬಸ್ಸಿನಿಂದ ಇಳಿದ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಕೊಡ ಕೆಳಗಿಟ್ಟು ಬೊಡ್ಡೆಯ ಮುಂದೆ ಕೂತ. ಯಾರೋ ಗೋಡೆಯ ಕಾಗದವನ್ನು ತೋರಿಸಿದರು. ಅದರ ಹತ್ತಿರ ಹೋಗಿ ನಿಂತ. ಓದಲು ಬರುತ್ತಿರಲಿಲ್ಲ ಅವನಿಗೆ. ಆ ಹಾಳೆಯಲ್ಲಿ ಅವನು ಗುರುತಿಸಬಲ್ಲದ್ದು ಒಂದೇ, ತನ್ನ ಹೆಸರು. ಅದರ ಮೇಲೆ ಬೆರಳಿಟ್ಟ. ನಾನು ಕಿಟಕಿಯಿಂದ ಸರಿದು ಕಪಾಟಿನ ಹಿಂದೆ ನಿಂತೆ. ಅವನು ಆಫೀಸಿಗೆ ಬರಲಿಲ್ಲ.

ಆಮೇಲಿನದು ಊಹಿಸುವಂಥದ್ದೇ. ಬನಹಟ್ಟಿಯ ಮಗ್ಗದವರು ಬೇರೆಯವರನ್ನು ಕರೆದರು. ಫೋನು ನಿಂತವು. ಚಿಮ್ಮಡಕ್ಕೆ ಅವನೇ ಹೋದಾಗ ಲಕ್ಷ್ಮವ್ವ ಅಂಗಳಕ್ಕೆ ಕಾಲಿಡಗೊಡಲಿಲ್ಲವಂತೆ. “ನಿನ್ನ ಮಾತ ನಂಬಿ ಹುಣಸಿ ಕೆಳಗ ಎಮ್ಮಿ ಕಟ್ಟೇನೋ. ಇನ್ನ ನನಗ ನಿದ್ದಿ ಹತ್ತೂದಿಲ್ಲ,” ಎಂದಳಂತೆ. ಅವಳು ಆ ಹುಣಸೆಯನ್ನು ಕಡಿಸಿದಳು. ಇದನ್ನೆಲ್ಲ ನನಗೆ ಹೇಳಿದ್ದು ಬಸ್ಸಿನಲ್ಲಿ ಸಿಕ್ಕ ಮಾದೇವಿ. ನಾನು ಬರೆದ ಹಾಳೆ ಎಂದು ಅವಳಿಗೆ ಗೊತ್ತಿತ್ತೋ ಇಲ್ಲವೋ, ಅವಳು ನನ್ನ ಮುಖವನ್ನೇ ನೋಡುತ್ತ ಹೇಳಿದಳು.

ನಾನು ಹಾರ ಹಾಕಿಸಿಕೊಂಡು, ಶಾಲು ಹೊದಿಸಿಕೊಂಡು ನಿವೃತ್ತನಾದೆ. ಪ್ರಾಮಾಣಿಕ ನೌಕರ ಎಂದು ಗೌರೀಶ ಭಾಷಣ ಮಾಡಿದ. ಮನೆಗೆ ಬಂದು ವಾಂತಿ ಮಾಡಿಕೊಂಡೆ. ಊಟ ಹೆಚ್ಚಾಯಿತೆಂದು ನನ್ನ ಹೆಂಡತಿ ಅಲಕಾ ಅಂದುಕೊಂಡಳು.

ಮೂರು ತಿಂಗಳ ಮೇಲೆ ಒಂದು ಮುಂಜಾನೆ ಹೊಳೆಪ್ಪ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದ. ಕೊರಳಲ್ಲಿ ಕಾರ್ಡಿರಲಿಲ್ಲ, ಕೈಯಲ್ಲಿತ್ತು. ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

“ಒಂದ ಅರ್ಜಿ ಬರಕೊಡ್ರಿ ರಾಯರ. ಈ ಕಾರ್ಡ್ ವಾಪಸ್ ಕೊಡಾಕತ್ತೇನಿ ಅಂತ. ಬೇವು ಪೊಳ್ಳ ಐತಿ ಅಂತ ನಾ ಹೇಳಿಲ್ಲ ಅಂತ. ಯಾರ ಬರದಾರ, ಅದನ್ನೂ ಬರೀರಿ.”

ಒಳಗಿನಿಂದ ಅಲಕಾ, “ಯಾರು ಬಂದಾರ? ಚಹಾ ಇಡಲೇನು?” ಎಂದಳು. ನಾನು ಕಾಗದ ತೆಗೆದೆ. ಅರ್ಧ ತಾಸು ಹಿಡಿಯಿತು. ಬರೆದೆ. ಎಲ್ಲ ಬರೆದೆ. ಪೆನ್ನು ಅವನ ಕಡೆ ಚಾಚಿದೆ.

ಅವನು ಪೆನ್ನು ತೆಗೆದುಕೊಳ್ಳಲಿಲ್ಲ. ಹೆಬ್ಬೆರಳು ಮುಂದೆ ಮಾಡಿದ. “ಸ್ಟ್ಯಾಂಪ್ ಪ್ಯಾಡ್ ಐತೇನ್ರಿ?”

“ಸಹಿ ಬರ್ತದಲ್ಲೋ ನಿನಗ.”

“ಬ್ಯಾಡ್ರಿ. ಹೆಬ್ಬೆಟ್ಟ ಒತ್ತೊ ಮುಂದ ನನಗ ಓದಿ ಹೇಳ್ತಿದ್ರಿ. ಸಹಿ ಕಲತ ಮ್ಯಾಲ ಒಮ್ಮೆನೂ ಓದಿ ಹೇಳಲಿಲ್ಲ.” ಕಣ್ಣು ಮುಚ್ಚಿದ, ಬೇವಿನ ಕಟ್ಟೆಯ ಮೇಲೆ ಮುಚ್ಚುತ್ತಿದ್ದ ಹಾಗೆಯೇ. “ಓದ್ರಿ.”

ಓದಿದೆ. ಕಾರ್ಡಿನ ಸಾಲು ಓದಿದೆ, ಬೇವಿನ ಸಾಲು ಓದಿದೆ. ಯಾರು ಬರೆದರು ಎಂಬ ಸಾಲಿಗೆ ಬಂದಾಗ ನನ್ನ ಹೆಸರನ್ನು ಬಾಯೊಳಗೇ ಓದಿದೆ. ಅಡಿಗೆಮನೆಯ ಬಾಗಿಲಲ್ಲಿ ಅಲಕಾ ಬಂದು ನಿಂತದ್ದು ಕಂಡಿತು.

“ಗಟ್ಟ್ಯಾಗಿ ಓದ್ರಿ ರಾಯರ,” ಎಂದ ಹೊಳೆಪ್ಪ.

ಗಟ್ಟಿಯಾಗಿ ಓದಿದೆ. ಅವನು ತಲೆಯಾಡಿಸಿ ಹೆಬ್ಬೆಟ್ಟು ಒತ್ತಿದ. ಅದರ ಕೆಳಗೆ, ಓದಿ ಹೇಳಿ ಕೇಳಿಸಿದೆ ಎಂದು ಬರೆದು, ನಾನು ಸಹಿ ಮಾಡಿದೆ.